ಬಾಯಾರಿಕೆಯೂ ಪೌರುಷವೂ

ಸುಡುಬಿಸಿಲಿನಲ್ಲಿ ಆಡುವ ಹುಡುಗನಿಗೆ ನೀರು ಕೊಡಬಾರದೆಂದು ಬಲ್ಲವರೇ ವಿಧಿಸುತ್ತಿದ್ದರೆಂದರೆ ನೀವು ನಂಬುವಿರಾ? ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್ ಆಟದಲ್ಲಿ ಇದು ಬಹುಕಾಲ ನಡೆದುಬಂದ ಪದ್ಧತಿ. ನೀರಡಿಕೆಯನ್ನು ತಡೆದವನೇ ಗಟ್ಟಿಗನೆಂಬುದು ಅಲ್ಲಿನ ಎಣಿಕೆ. 1954ರಲ್ಲಿ ಟೆಕ್ಸಾಸಿನ ಜಂಕ್ಷನ್ ಎಂಬ ಊರಿನಲ್ಲಿ ಪಾಲ್ ಬ್ರಯಂಟ್ ಎಂಬ ತರಬೇತುದಾರರು ಬರಗಾಲದ ಬೇಗೆಯಲ್ಲಿ ಕಾಲೇಜು ಹುಡುಗರನ್ನು ಹತ್ತು ದಿನ ದುಡಿಸಿದರು. ಅಭ್ಯಾಸದ ನಡುವೆ ನೀರಿಲ್ಲ. ಬಹುಮಂದಿ ಬಿಟ್ಟುಹೋದರು, ಬಿಸಿಲ ಹೊಡೆತಕ್ಕೆ ಕುಸಿದ ಒಬ್ಬನು ಸಾವಿನ ದವಡೆಯಿಂದ ಪಾರಾದನು.

ಕಣ್ಣು ತೆರೆಸಿದ್ದು ಒಂದು ಸಣ್ಣ ಪ್ರಶ್ನೆ. ಆಟದ ವೇಳೆ ನಮ್ಮ ಹುಡುಗರಿಗೆ ಮೂತ್ರವೇ ಬರುವುದಿಲ್ಲವೇಕೆ ಎಂದು 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾನಿಲಯದ ಸಹಾಯಕ ತರಬೇತುದಾರರೊಬ್ಬರು ವೈದ್ಯರನ್ನು ಕೇಳಿದರು. ಮೂತ್ರಪಿಂಡ ತಜ್ಞರಾದ ರಾಬರ್ಟ್ ಕೇಡ್ ಪರೀಕ್ಷಿಸಿ ನೋಡಿದರು. ಮೈಯ ನೀರು ಬೆವರಾಗಿ ಹರಿದುಹೋಗಿತ್ತು. ಅದರೊಡನೆ ಉಪ್ಪೂ ಹೋಗಿತ್ತು. ರಕ್ತದ ಸಕ್ಕರೆಯೂ ತಗ್ಗಿತ್ತು. ನೀರು, ಉಪ್ಪು, ಸಕ್ಕರೆ, ನಿಂಬೆರಸಗಳನ್ನು ಬೆರೆಸಿ ಕುಡಿಸಿದರು. ನಮ್ಮ ಪಾನಕಕ್ಕೆ ದೂರದ ನೆಂಟನಾದ ಇದೇ ಮುಂದೆ ಗೇಟೊರೇಡ್ ಎನಿಸಿತು.

ಆದರೂ 2001ರಲ್ಲಿ ಕೋರಿ ಸ್ಟ್ರಿಂಗರ್ ಎಂಬ ವೃತ್ತಿಪರ ಆಟಗಾರರು ಅಭ್ಯಾಸದ ಬೇಗೆಗೆ ಬಲಿಯಾದರು. ನೀರೊಂದೇ ಸಾಲದು, ನೆರಳು ಬೇಕು, ವಿರಾಮ ಬೇಕು, ಕುಸಿದವನ ಮೈಯನ್ನು ತಡಮಾಡದೆ ತಣ್ಣೀರಿನಲ್ಲಿ ಅದ್ದಬೇಕು. ನಿಮ್ಮ ಮನೆಯ ಹುಡುಗನು ಆಟದ ನಡುವೆ ನೀರು ಕೇಳಿದರೆ ಅದನ್ನು ಹೇಡಿತನವೆನ್ನಬೇಡಿ. ದೇಹ ಹೇಳಿಕೊಟ್ಟ ವಿವೇಕವೆನ್ನಿ.