ಶಾಪಾಶಯದಲ್ಲಿ ಪುನರ್ಜನ್ಮ: ಇಂಡಿ–ಆಲಮೇಲ ಸೀಮೆಯ ದತ್ತಿಗಳನ್ನು ಕುರಿತು

ಆತ್ಮವು ನಿತ್ಯ, ದೇಹವು ಅನಿತ್ಯ. ಜೀವನು ತಾನು ಮಾಡಿದ ಕರ್ಮದ ಫಲವನ್ನು ಉಣ್ಣಲು ಮತ್ತೆ ಮತ್ತೆ ಜನ್ಮವೆತ್ತುತ್ತಾನೆ ಎಂಬುದು ವೈದಿಕ ಪರಂಪರೆಯ ಮೂಲಭೂತ ನಂಬಿಕೆಗಳಲ್ಲೊಂದು. ಉಪನಿಷತ್ತುಗಳಲ್ಲಿಯೂ ಗೀತೆಯಲ್ಲಿಯೂ ತತ್ತ್ವವಾಗಿ ಕಾಣುವ ಈ ವಿಚಾರವು ಜನಜೀವನದಲ್ಲಿ ಯಾವ ಕೆಲಸವನ್ನು ಮಾಡಿತು ಎಂಬುದನ್ನು ಅರಿಯಲು ಶಾಸನಗಳೇ ಉತ್ತಮ ಸಾಧನ. ಆಲಮೇಲ, ಸಿಂದಗಿ, ಇಂಡಿಗಳನ್ನೊಳಗೊಂಡ ಭೀಮಾತೀರದ ಸೀಮೆ ಇದಕ್ಕೆ ತಕ್ಕ ನಿದರ್ಶನವನ್ನು ಒದಗಿಸುತ್ತದೆ.

ಇಂಡಿಯ ಸಮೀಪದ ಸಾಲೋಟಗಿಯ ಸ್ತಂಭಶಾಸನ ಕ್ರಿ.ಶ. 945ಕ್ಕೆ ಸೇರಿದುದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಂದು ಪಾವಿಟ್ಟಗೆ ಎನಿಸಿದ್ದ ಈ ಊರಿನಲ್ಲಿ ತ್ರಯೀಪುರುಷರ ದೇವಾಲಯಕ್ಕೆ ಹೊಂದಿದ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳೂ ದೀಪಕ್ಕಾಗಿ 12 ನಿವರ್ತನ ಭೂಮಿಯೂ ದತ್ತಿಯಾಗಿ ದೊರೆತವು. ಮದುವೆ, ಉಪನಯನ, ಚೌಲಗಳು ನಡೆದಾಗ ಊರವರು ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಆಯಿತು.

ಈ ದತ್ತಿಯಾದ 28 ವರ್ಷಗಳಲ್ಲಿಯೇ ರಾಷ್ಟ್ರಕೂಟ ರಾಜ್ಯ ಅಳಿಯಿತು. ಕೃಷ್ಣನ ಅಧೀನದಲ್ಲಿ ತರ್ದವಾಡಿ ಸಾವಿರವನ್ನು ಆಳುತ್ತಿದ್ದ ಇಮ್ಮಡಿ ತೈಲಪನೇ 973ರಲ್ಲಿ ಚಾಳುಕ್ಯ ಸಿಂಹಾಸನವನ್ನೇರಿದನು. ದಾನಿ ಸಾಯುತ್ತಾನೆ, ಅರಸುಮನೆತನ ಬದಲಾಗುತ್ತದೆ. ಶಾಲೆಯ ಭೂಮಿಯನ್ನು ಕಾಯುವವರಾರು? ಪ್ರಾಚೀನ ದತ್ತಿಗಳೆಲ್ಲ ಎದುರಿಸಬೇಕಾಗಿದ್ದ ಪ್ರಶ್ನೆಯಿದು.

ಕರ್ನಾಟಕದ ದಾನಶಾಸನಗಳು ಸಾಮಾನ್ಯವಾಗಿ ತಮ್ಮ ಕೊನೆಯ ಶಾಪಾಶಯದಲ್ಲಿ ಇದಕ್ಕೆ ಉತ್ತರ ಕೊಡುತ್ತವೆ. ತಾನು ಕೊಟ್ಟುದಿರಲಿ, ಪರರು ಕೊಟ್ಟುದಿರಲಿ, ದಾನಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂಬುದು ಅವುಗಳಲ್ಲಿ ಬಹು ಪ್ರಸಿದ್ಧ. ಇನ್ನೊಂದು ಶ್ಲೋಕದ ಆಶಯ ಇನ್ನೂ ಸೂಕ್ಷ್ಮವಾದುದು. ದಾನದಿಂದ ದೊರೆಯುವುದು ಸ್ವರ್ಗ. ಪುಣ್ಯ ತೀರಿದೊಡನೆ ಅಲ್ಲಿಂದ ಮರಳಲೇಬೇಕು. ದಾನವನ್ನು ಕಾಪಾಡಿದವನಿಗಾದರೋ ಚ್ಯುತಿಯಿಲ್ಲದ ಪದವಿ. ಕೀರ್ತಿ ಕೊಟ್ಟವನಿಗೆ ಸಂದರೂ ಹಿರಿಯ ಫಲ ಕಾಯ್ದವನಿಗೆ ಮೀಸಲು. ಇನ್ನೂ ಹುಟ್ಟದ ಅರಸನ ಮನಸ್ಸನ್ನು ಮುಟ್ಟಲು, ಸಾವಿನಾಚೆಗೂ ಬೆನ್ನುಬಿಡದ ಕರ್ಮದ ನಂಬಿಕೆಯೇ ದಾನಿಗೆ ಆಸರೆಯಾಗಿತ್ತು. ಈ ವಾಕ್ಯಗಳು ಒಂದೇ ಮತಕ್ಕೆ ಸೀಮಿತವಲ್ಲ. ಹಲಸಿಯಲ್ಲಿ ದೊರೆತ ಕದಂಬರ ಜೈನ ದಾನಪತ್ರಗಳಲ್ಲಿಯೂ ಇವು ಕಂಡುಬರುತ್ತವೆ. ಕರ್ಮವನ್ನು ಸೂಕ್ಷ್ಮ ಪುದ್ಗಲವೆಂದು ಬಗೆಯುವ ಜೈನರಿಗೂ, ಅದರ ಫಲವನ್ನು ಈಶ್ವರಾಧೀನವೆಂದು ಎಣಿಸುವ ವೇದಾಂತಿಗಳಿಗೂ ಇಲ್ಲಿ ಭಾಷೆ ಒಂದೇ.

ಇದೇ ನಂಬಿಕೆಗೆ ಧರ್ಮಶಾಸ್ತ್ರವು ಕಟ್ಟಳೆಯ ರೂಪ ಕೊಟ್ಟಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದನು. ಆ ಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದ ಪ್ರಕಾರ ಕಾಯದ ದೋಷದಿಂದ ಸ್ಥಾವರ ಜನ್ಮ, ಮಾತಿನ ದೋಷದಿಂದ ಪಕ್ಷಿಜನ್ಮ, ಮನಸ್ಸಿನ ದೋಷದಿಂದ ಅಂತ್ಯಜ ಜನ್ಮ. ಪ್ರಾಯಶ್ಚಿತ್ತದಿಂದ ಪಾಪ ಕಳೆಯಬಹುದೆಂದು ಒಪ್ಪುವುದರಿಂದ ಇದು ಬರಿಯ ವಿಧಿವಾದವಲ್ಲ. ಆದರೂ ಇಲ್ಲೊಂದು ತೊಡಕಿದೆ: ಶಾಲೆಯ ಭೂಮಿಯನ್ನು ಬಲಿಷ್ಠರಿಂದ ಕಾಯ್ದ ತತ್ತ್ವವೇ, ಕೆಳಗೆ ತಳ್ಳಲ್ಪಟ್ಟವರ ಹುಟ್ಟನ್ನು ಅವರ ಹಿಂದಿನ ಪಾಪದ ಫಲವೆಂದು ಸಾರುತ್ತದೆ.

ಈ ತೊಡಕನ್ನು ನೇರವಾಗಿ ಎದುರಿಸಿದವರು ಹನ್ನೆರಡನೆಯ ಶತಮಾನದ ಶರಣರು. ಅವರ ಮುಂದಾಳು ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಇದೇ ಸೀಮೆಗೆ ಹೊಂದಿದುದೆಂಬುದು ಗಮನಾರ್ಹ. ದೀಕ್ಷೆಯೊಡನೆ ಪೂರ್ವಾಶ್ರಯದ ಕುಲ ಅಳಿಯುವುದೆಂದೂ, ಲಿಂಗೈಕ್ಯನಾದವನಿಗೆ ಮರುಹುಟ್ಟಿಲ್ಲವೆಂದೂ, ಸ್ವರ್ಗನರಕಗಳು ಈ ಲೋಕದ ನಡೆನುಡಿಗಳಲ್ಲಿಯೇ ಇವೆಯೆಂದೂ ಅವರು ಸಾರಿದರು. ಕರ್ಮದ ಹೊಣೆಯನ್ನು ಅವರು ಕೈಬಿಡಲಿಲ್ಲ. ಆ ಹೊಣೆಯನ್ನು ಹಿಂದಿನ ಜನ್ಮದಿಂದ ಬಿಡಿಸಿ ಇಂದಿನ ಕಾಯಕಕ್ಕೆ ಕಟ್ಟಿದರು.

ಆದುದರಿಂದ ಶಾಪಾಶಯವನ್ನು ರೂಢಿಯ ಮಾತೆಂದು ಬದಿಗಿಟ್ಟು ರಾಜಾವಳಿ, ತಿಥಿಗಳನ್ನಷ್ಟೇ ಆಯ್ದುಕೊಳ್ಳುವ ಅಧ್ಯಯನ ಅಪೂರ್ಣ. ಶಾಸನವನ್ನು ನೆಡಿಸಿದವರು ತಮ್ಮ ಕಾಲದ ನಂತರದವರೊಡನೆ ನೇರವಾಗಿ ಮಾತನಾಡಿದ್ದು ಆ ಕೊನೆಯ ಸಾಲುಗಳಲ್ಲಿಯೇ.