ಮಧ್ಯಯುಗದ ಯುರೋಪಿನ ಮೇಣದಬತ್ತಿ ಸ್ತಂಭಗಳು ಹಾಗೂ ಒಳಾಂಗಣ ಬೆಳಕಿನ ವ್ಯವಸ್ಥೆ

ಮೇಣದಬತ್ತಿಯನ್ನು ನೇರವಾಗಿ ನಿಲ್ಲಿಸಲು ಬಳಸುವ ಸಾಧನವನ್ನು ಮೇಣದಬತ್ತಿ ಸ್ತಂಭ ಎನ್ನಬಹುದು. ಮಧ್ಯಯುಗದ ಯುರೋಪಿನಲ್ಲಿ ಇದರ ರಚನೆಯು ಬಹುಮಟ್ಟಿಗೆ ಅದರಲ್ಲಿ ಉರಿಯುವ ಬತ್ತಿಯನ್ನು ಅವಲಂಬಿಸಿತ್ತು.

ಬತ್ತಿಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿದ್ದವು. ಜೇನುಮೇಣದ ಬತ್ತಿ ಸುವಾಸನೆಯಿಂದ, ಹೊಗೆಯಿಲ್ಲದೆ ಉರಿಯುತ್ತಿತ್ತಾದರೂ ದುಬಾರಿಯಾಗಿದ್ದು, ಚರ್ಚುಗಳಿಗೂ ಶ್ರೀಮಂತರಿಗೂ ಮೀಸಲಾಗಿತ್ತು. ಸಾಮಾನ್ಯ ಜನರು ಕುರಿ ಅಥವಾ ದನದ ಕೊಬ್ಬಿನ ಬತ್ತಿಯನ್ನು ಬಳಸುತ್ತಿದ್ದರು. ಅದು ದುರ್ವಾಸನೆ ಬೀರುತ್ತಿದ್ದುದಲ್ಲದೆ, ಕರಿಗಟ್ಟಿದ ಕುಡಿಯನ್ನು ಆಗಾಗ್ಗೆ ಕತ್ತರಿಸದಿದ್ದಲ್ಲಿ ಬೆಳಕು ಮಂಕಾಗುತ್ತಿತ್ತು. ಇದಕ್ಕೂ ಅನುಕೂಲವಿಲ್ಲದವರು ಜೊಂಡಿನ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ಉರಿಸುತ್ತಿದ್ದರು. ಅನೇಕ ಮನೆಗಳಲ್ಲಿ ಒಲೆಯ ಬೆಂಕಿಯೇ ದೀಪವಾಗಿತ್ತು.

ವಸ್ತುಸಂಗ್ರಹಾಲಯಗಳಲ್ಲಿ ಇಂತಹ ಸ್ತಂಭಗಳನ್ನು ವೀಕ್ಷಿಸುವ ಸಾರ್ವಜನಿಕರು ಮೊದಲು ಮೇಲ್ತುದಿಯನ್ನು ಗಮನಿಸುವುದು ಸೂಕ್ತ. ಹಳೆಯ ಸ್ತಂಭಗಳಲ್ಲಿ ಅಲ್ಲಿ ಚೂಪಾದ ಮುಳ್ಳು ಇರುತ್ತದೆ. ದಪ್ಪ ಮೇಣದ ಬತ್ತಿಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಲಾಗುತ್ತಿತ್ತು. ತೆಳು ಬತ್ತಿ ಹೀಗೆ ಚುಚ್ಚಿದರೆ ಸೀಳುತ್ತದೆ. 14 ಮತ್ತು 15ನೇ ಶತಮಾನಗಳಲ್ಲಿ ಮುಳ್ಳಿನ ಬದಲು ಬಟ್ಟಲಿನಾಕಾರದ ಕುಳಿಯುಳ್ಳ ಸ್ತಂಭಗಳು ಮನೆಗಳಲ್ಲಿ ಹೆಚ್ಚಾದವು. ಉರಿದು ಉಳಿದ ತುಣುಕನ್ನು ಹೊರತೆಗೆಯಲು ಕುಳಿಯ ಪಕ್ಕದಲ್ಲಿ ರಂಧ್ರವಿರುತ್ತಿತ್ತು. ತುಣುಕನ್ನೂ ವ್ಯರ್ಥ ಮಾಡುವ ಸ್ಥಿತಿ ಇರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಚರ್ಚುಗಳಲ್ಲಿ ಮಾತ್ರ ಮುಳ್ಳಿನ ಸ್ತಂಭವೇ ಮುಂದುವರಿಯಿತು.

ಈ ವರ್ಗದಲ್ಲಿ ಅತ್ಯಂತ ಪ್ರಸಿದ್ಧವಾದುದು ಗ್ಲಾಸ್ಟರ್ ಸ್ತಂಭ. ಇಂಗ್ಲೆಂಡಿನ ಗ್ಲಾಸ್ಟರ್ ಮಠಕ್ಕಾಗಿ, ಪೀಟರ್ ಎಂಬ ಮಠಾಧಿಪತಿಯ ಕಾಲದಲ್ಲಿ, ಅಂದರೆ 1107ರಿಂದ 1113ರ ನಡುವೆ ಇದನ್ನು ತಯಾರಿಸಲಾಯಿತು. ತಾಮ್ರಮಿಶ್ರ ಲೋಹದಲ್ಲಿ ಮೂರು ಭಾಗಗಳಾಗಿ ಎರಕ ಹೊಯ್ದು ಚಿನ್ನದ ಲೇಪ ನೀಡಲಾಗಿದೆ. ಎರಕದ ವಿಧಾನವು ಮೇಣದ ಅಚ್ಚನ್ನು ಕರಗಿಸಿ ತೆಗೆಯುವಂತಹುದು. ಮೇಣವನ್ನು ಹೊರಬೇಕಾದ ವಸ್ತುವು ಮೇಣದಿಂದಲೇ ರೂಪುಗೊಂಡಿತು. ಬಳ್ಳಿಗಳ ನಡುವೆ ಮನುಷ್ಯರೂ ಮೃಗಗಳೂ ಹೆಣಗಾಡುತ್ತಾ ಮೇಲೇರುವ ಶಿಲ್ಪಗಳು ಇದರಲ್ಲಿವೆ. 1861ರಲ್ಲಿ ಖರೀದಿಸಲಾದ ಇದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ವ್ಯಾಪಾರದಲ್ಲಿಯೂ ಇದೇ ಭೇದವಿತ್ತು. ಲಂಡನ್ನಿನಲ್ಲಿ ಕೊಬ್ಬಿನ ಬತ್ತಿ ತಯಾರಕರ ಸಂಘವು 1462ರಲ್ಲಿಯೂ, ಮೇಣದ ಬತ್ತಿ ತಯಾರಕರ ಸಂಘವು 1484ರಲ್ಲಿಯೂ ಪ್ರತ್ಯೇಕ ರಾಜಸನದು ಪಡೆದವು.

ಬೆಳಕಿನ ಕೊರತೆಯು ದುಡಿಮೆಯನ್ನೂ ನಿಯಂತ್ರಿಸಿತು. ಪ್ಯಾರಿಸ್ಸಿನಲ್ಲಿ ಸುಮಾರು 1268ರಲ್ಲಿ ದಾಖಲಿಸಲಾದ ಕಸುಬುಗಳ ನಿಯಮಾವಳಿಯಂತೆ ಹಲವು ಕಸುಬುದಾರರು ರಾತ್ರಿ ಕೆಲಸ ಮಾಡುವುದು ನಿಷಿದ್ಧವಾಗಿತ್ತು. ದೀಪದ ಬೆಳಕಿನಲ್ಲಿ ಉತ್ತಮ ಕೆಲಸ ಸಾಧ್ಯವಿಲ್ಲವೆಂಬುದು ಅದಕ್ಕೆ ನೀಡಲಾದ ಕಾರಣ. ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿನ ಹಗಲು ಎಂಟು ಗಂಟೆಗಳಿಗೆ ತುಸು ಹೆಚ್ಚು ಮಾತ್ರ.