ಡೀಸೆಲ್ ಕೆಡುವಿಕೆ ಮತ್ತು ದಾಸ್ತಾನು
ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆಂದು ಕೂಡಿಟ್ಟ ಡೀಸೆಲ್‌ಗೆ ನೀರು, ದೂಳು, ತುಕ್ಕು ಸೇರಿ ಅದು ಹಾಳಾಗುವುದು. ದಕ್ಷಿಣ ಕನ್ನಡದ ಗದ್ದೆ, ತೋಟಗಳಿಗೆ ಇದು ಮಳೆಗಾಲದ ತಲೆನೋವು. ಅರೆತುಂಬಿದ ಬ್ಯಾರಲ್‌ನೊಳಗಿನ ತೇವದ ಗಾಳಿ ರಾತ್ರಿ ತಣಿದು ಒಳಮೈಯಲ್ಲಿ ಹನಿಗಟ್ಟುತ್ತದೆ. ಡೀಸೆಲ್‌ಗಿಂತ ಭಾರವಾದ ಆ ನೀರು ತಳಕ್ಕಿಳಿಯುತ್ತದೆ. ಎರಡೂ ಕೂಡುವಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪಂಪು, ಇಂಜೆಕ್ಟರ್‌ಗಳಿಗೆ ನೀರೇ ದೊಡ್ಡ ಶತ್ರು. ಕೆಲಸ ಮುಗಿದೊಡನೆ ಟ್ಯಾಂಕ್ ತುಂಬಿಸಿಡುವುದು, ಬ್ಯಾರಲನ್ನು ನೆರಳಲ್ಲಿಟ್ಟು ತಳದ ನೀರನ್ನು ಆಗಾಗ ತೆಗೆಯುವುದು ಒಳ್ಳೆಯದು. ಸತು ಲೇಪಿತ ಪಾತ್ರೆ ಸಲ್ಲದು. 1934ರ ಪೆಟ್ರೋಲಿಯಂ ಕಾಯ್ದೆಯಂತೆ, ತಲಾ 1,000 ಲೀಟರ್ ಮೀರದ ಪಾತ್ರೆಗಳಲ್ಲಿ ಒಟ್ಟು 2,500 ಲೀಟರ್‌ವರೆಗೆ ಡೀಸೆಲ್ ಇಡಲು ಪರವಾನಗಿ ಬೇಡ. ಸಣ್ಣ ಹಿಡುವಳಿದಾರರಿಗೆ ಅಷ್ಟು ಬೇಕಾಗುವುದೇ ಅಪರೂಪ.